ಸಹಜ ನಿಗಮನ

ಸಹಜ ನಿಗಮನ: ಸ್ವಯಂಸಿದ್ಧಗಳಿಗಿಂತ ಅನುಮಾನದ ನಿಯಮಗಳನ್ನೇ ನೆಚ್ಚಿ ಸಾಧನೆಗಳನ್ನು ಕಟ್ಟುವ, ಗಣಿತೀಯ ತರ್ಕಶಾಸ್ತ್ರದ ಒಂದು ಪದ್ಧತಿ. ಪೋಲೆಂಡಿನ ಸ್ಟಾನಿಸ್ಲಾವ್ ಯಾಶ್ಕೋವ್ಸ್ಕಿ (1934), ಜರ್ಮನಿಯ ಗೆರ್ಹಾರ್ಡ್ ಗೆಂಟ್ಸನ್ (1934-35) ಇದನ್ನು ಸ್ವತಂತ್ರವಾಗಿ ರೂಪಿಸಿದರು. ಈಗಿನ ಬಳಕೆಯ ರೂಪ ಬಹುಮಟ್ಟಿಗೆ ಗೆಂಟ್ಸನ್‌ನದು. 'ಮತ್ತು', 'ಅಥವಾ' ಮೊದಲಾದ ಪ್ರತಿ ಸಂಯೋಜಕಕ್ಕೂ ಅದನ್ನು ತರುವ ಪ್ರವೇಶ ನಿಯಮ, ತೆಗೆಯುವ ನಿವಾರಣ ನಿಯಮ ಇರುತ್ತವೆ. 'ಕ ನಿಜವಾದರೆ ಖ ನಿಜ' ಎಂದು ಸಾಧಿಸಲು ಕ-ವನ್ನು ತಾತ್ಕಾಲಿಕವಾಗಿ ಒಪ್ಪಿಕೊಂಡು ಖ-ವನ್ನು ಪಡೆಯಲಾಗುತ್ತದೆ. ಅಲ್ಲಿಗೆ ಆ ಊಹೆ ವಿಸರ್ಜಿತವಾಗಿ, ತೀರ್ಮಾನ ಅದರ ಹಂಗಿಲ್ಲದೆ ನಿಲ್ಲುತ್ತದೆ. ಈ ವಿಸರ್ಜನೆಯೇ ಪದ್ಧತಿಯ ಜೀವಾಳ. ಅಂತಃಪ್ರಜ್ಞಾವಾದಿ ತರ್ಕದ ನಿಯಮಗಳಿಗೆ ದ್ವಿನಿಷೇಧದ ನಿವಾರಣೆಯನ್ನು ('ಕ ಅಲ್ಲ ಎಂಬುದು ಸರಿಯಲ್ಲ' ಎಂಬುದರಿಂದ ಕ-ವನ್ನು ಪಡೆಯುವ ನಿಯಮವನ್ನು) ಸೇರಿಸಿದರೆ ರೂಢಿಯ ಅಭಿಜಾತ ತರ್ಕ ದೊರೆಯುತ್ತದೆ. ಪ್ರವೇಶದ ಬೆನ್ನಿಗೇ ಅದೇ ಸಂಯೋಜಕದ ನಿವಾರಣೆ ಬರುವ ಸುತ್ತುಬಳಸನ್ನು ಸಾಧನೆಯಿಂದ ಕಳೆಯಬಹುದೆಂದು ಸ್ವೀಡನ್ನಿನ ಡಾಗ್ ಪ್ರಾವಿಟ್ಸ್ 1965ರಲ್ಲಿ ತೋರಿಸಿದರು. ಸಾಧನೆಗಳನ್ನು ಪರಿಶೀಲಿಸುವ ಇಸಬೆಲ್‌ನಂಥ ತಂತ್ರಾಂಶಗಳಿಗೂ ಈ ಪದ್ಧತಿಯೇ ತಳಹದಿ.