ಸಮುದ್ರದಡಿ ಮೊದಲು ಯಾರು ಮಾತಾಡಬೇಕು?

ಆಫೀಸ್ ಕಾಲ್‌ನಲ್ಲಿ ಇಬ್ಬರು ಒಟ್ಟಿಗೇ ಬಾಯಿ ತೆಗೀತಾರೆ. ‘ಸಾರಿ, ನೀವು ಹೇಳಿ’ ಅಂತ ಒಟ್ಟಿಗೇ ಸುಮ್ಮನಾಗ್ತಾರೆ. ದಾರಿ ಒಂದೇ, ಮಾತಾಡೋರು ಹಲವರು. ಯಂತ್ರಗಳಿಗೂ ಇದು ಹಳೇ ತಲೆನೋವು.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳನ್ನು ಹೊನೊಲುಲುವಿನ ಕಂಪ್ಯೂಟರಿಗೆ ರೇಡಿಯೋ ಮೂಲಕ ಜೋಡಿಸಿದರು. ಹೆಸರು ಅಲೋಹಾ. ನಿಯಮ ಸರಳ: ಹೇಳೋದಿದ್ದರೆ ಹೇಳಿಬಿಡು, ಉತ್ತರ ಬರದಿದ್ದರೆ ಇನ್ಯಾರದೋ ಮಾತಿಗೆ ಡಿಕ್ಕಿ ಹೊಡೆದಿದೆ ಅಂತ ತಿಳಿದು, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಹೇಳು. ಇದರಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ. 18ರಷ್ಟು ಬಳಕೆಯಾಗುತ್ತಿತ್ತು. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಸಮಯವನ್ನು ಸ್ಲಾಟ್‌ಗಳಾಗಿ ಕತ್ತರಿಸಿ, ಸ್ಲಾಟ್ ಶುರುವಾದಾಗ ಮಾತ್ರ ಮಾತಾಡಿ ಅಂದರು. ಆ ಮಿತಿ ದುಪ್ಪಟ್ಟಾಯಿತು. ಆಮೇಲೆ ಬಂದ ವೈಫೈ ಇನ್ನೂ ಜಾಣ: ಮೊದಲು ಕಿವಿಗೊಡು, ಆಮೇಲೆ ಮಾತಾಡು.

ಈ ಜಾಣತನ ಸಮುದ್ರದಲ್ಲಿ ಕೈಕೊಟ್ಟಿತು. ಉಪ್ಪುನೀರಿನಲ್ಲಿ ರೇಡಿಯೋ ಅಲೆ ದೂರ ಹೋಗಲ್ಲ, ಶಬ್ದವೇ ಗತಿ. 1826ರಲ್ಲಿ ಕೊಲಡಾನ್ ಮತ್ತು ಸ್ಟುರ್ಮ್ ಜಿನೀವಾ ಸರೋವರದಲ್ಲಿ ಗಂಟೆ ಬಾರಿಸಿ ನೀರಿನಲ್ಲಿ ಶಬ್ದದ ವೇಗ ಅಳೆದರು: ಸೆಕೆಂಡಿಗೆ 1435 ಮೀಟರ್. ಸಮುದ್ರದಲ್ಲಿ ಸುಮಾರು 1500. ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು, ಆದರೆ ರೇಡಿಯೋ ಮುಂದೆ ಆಮೆ. ಮೂರು ಕಿಲೋಮೀಟರ್ ದಾಟಲು ಎರಡು ಸೆಕೆಂಡ್ ಬೇಕು. ನೀವು ಕಿವಿಗೊಟ್ಟಾಗ ಎಲ್ಲಾ ನಿಶ್ಶಬ್ದ ಅನ್ನಿಸುತ್ತೆ. ಅಷ್ಟರಲ್ಲಿ ಅಲ್ಲಿಂದ ಹೊರಟ ಮಾತು ಅರ್ಧದಾರಿಯಲ್ಲಿರುತ್ತೆ. ಸ್ಲಾಟ್ ಉಪಾಯವೂ ಕುಂಟಿತು. ಒಂದೊಂದು ಸೆನ್ಸರ್ ಒಂದೊಂದು ದೂರದಲ್ಲಿದೆ. ಬೇರೆ ಬೇರೆ ಸ್ಲಾಟಿನಲ್ಲಿ ಹೊರಟ ಮಾತುಗಳೂ ಒಟ್ಟಿಗೇ ಬಂದು ಡಿಕ್ಕಿ ಹೊಡೆಯಬಹುದು.

ಪ್ರತಿ ಡಿಕ್ಕಿಯೂ ಬ್ಯಾಟರಿ ತಿನ್ನುತ್ತೆ. ಅದನ್ನು ಬದಲಾಯಿಸೋಕೆ ಹಡಗೇ ಹೋಗಬೇಕು. ಸುನಾಮಿ ಎಚ್ಚರಿಕೆಗೆ ಕಡಲತಳದಲ್ಲಿಟ್ಟ ಸೆನ್ಸರ್ ಕೂಡ ಮೇಲೆ ತೇಲುವ ಬಾಯ್‌ಗೆ ಸುದ್ದಿ ಮುಟ್ಟಿಸೋದು ಶಬ್ದದಿಂದಲೇ. ಅದು ಮೂಕವಾದರೆ ದಡದಲ್ಲಿರೋರ ಗತಿ?

2006ರಲ್ಲಿ ಮೊಲಿನ್ಸ್ ಮತ್ತು ಮಿಲಿಕಾ ಸ್ಟೊಯಾನೊವಿಚ್ ‘ಸ್ಲಾಟೆಡ್ ಫಾಮಾ’ ಮುಂದಿಟ್ಟರು. ಮೊದಲು ‘ಮಾತಾಡಲಾ?’ ಅನ್ನೋ ಪುಟ್ಟ ಸಂದೇಶ, ‘ಮಾತಾಡು’ ಅಂತ ಉತ್ತರ ಬಂದ ಮೇಲೆ ನಿಜವಾದ ಸುದ್ದಿ. ಅತಿ ದೂರದವರಿಗೂ ಕೇಳಿಸುವಷ್ಟು ಉದ್ದದ ಸ್ಲಾಟ್. ಡಿಕ್ಕಿ ತಪ್ಪುತ್ತೆ, ಆದರೆ ಬಹುಪಾಲು ಹೊತ್ತು ಕಾಯೋದೇ ಕೆಲಸ.

ಆಗಲೂ ಒಬ್ಬೊಬ್ಬ ತಯಾರಕರ ಮೋಡೆಮ್ ಒಂದೊಂದು ಭಾಷೆ ಮಾತಾಡುತ್ತಿತ್ತು. ಇಟಲಿಯ ಲಾ ಸ್ಪೆಜಿಯಾದ ನ್ಯಾಟೋ ಸಂಶೋಧನಾ ಕೇಂದ್ರ ರೂಪಿಸಿದ ‘ಜಾನಸ್’ 2017ರಲ್ಲಿ ನ್ಯಾಟೋ ಮಾನದಂಡವಾಯಿತು. ಮೊದಲ ಪರಿಚಯಕ್ಕಾದರೂ ಒಂದು ಸಾಮಾನ್ಯ ಭಾಷೆ ಸಿಕ್ಕಿತು.

ನೆಲದ ಮೇಲಿನ ನೆಟ್‌ವರ್ಕ್ ವರ್ಷವರ್ಷಕ್ಕೂ ವೇಗ ಹೆಚ್ಚಿಸಿಕೊಂಡಿತು. ಶಬ್ದದ ವೇಗ ಮಾತ್ರ ಕೊಲಡಾನ್ ಗಂಟೆ ಬಾರಿಸಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ಹಾಗಾಗಿ ಸಮುದ್ರದಡಿಯ ಎಂಜಿನಿಯರುಗಳು ಕಲಿತದ್ದು ಸರದಿ ಕಾಯೋದನ್ನ.