ಕಳಲೆ: ಮಗಳನ್ನು ಕೊಟ್ಟವರ ಕೈಯಲ್ಲೇ ಖಡ್ಗ

ನಂಜನಗೂಡು ಬಳಿಯ ಕಳಲೆ ಈಗ ಲಕ್ಷ್ಮೀಕಾಂತಸ್ವಾಮಿ ಗುಡಿಯ ಸಣ್ಣ ಊರು. 18ನೇ ಶತಮಾನದ ನಡುಭಾಗದಲ್ಲಿ ಮೈಸೂರನ್ನು ನಡೆಸಿದ್ದು ಇಲ್ಲಿನ ಅರಸುಮನೆತನ. ಮೈಸೂರಿನ ಅರಸರಾದ ಒಡೆಯರೊಡನೆ ಹೆಣ್ಣು ಕೊಟ್ಟು ತರುವ ನಂಟು. ದಳವಾಯಿ, ಅಂದರೆ ಸೇನಾಧಿಪತಿ, ಪಟ್ಟವೂ ಇವರದೇ. 1734ರಲ್ಲಿ ಬಾಲಕ ಇಮ್ಮಡಿ ಕೃಷ್ಣರಾಜರನ್ನು ಗದ್ದುಗೆಗೇರಿಸಿದವರೂ ಇವರೇ. ಮುಂದೆ ಇದೇ ಮನೆತನದ ಕರಾಚೂರಿ ನಂಜರಾಜಯ್ಯ ಅದೇ ಅರಸರಿಗೆ ಮಗಳನ್ನು ಧಾರೆಯೆರೆದ.

ಬೀಗತನ ಎಷ್ಟು ದಿನ? 1750ರ ದಶಕದಲ್ಲಿ ಅಳಿಯ ಕಳಲೆಯವರ ಹಿಡಿತದಿಂದ ಬಿಡಿಸಿಕೊಳ್ಳಲು ಹೊರಟಾಗ, ಮಾವ ಶ್ರೀರಂಗಪಟ್ಟಣದ ಅರಮನೆಯ ಬಾಗಿಲಿಗೇ ಫಿರಂಗಿ ಹಾರಿಸಿದ. ಅರಸರ ಕಣ್ಣೆದುರೇ ಅವರ ಕಡೆಯವರ ಕಿವಿ, ಮೂಗು ಕೊಯ್ಯಿಸಿದ. ಇದೇ ನಂಜರಾಜಯ್ಯ ನಂಜುಂಡೇಶ್ವರನ ಭಕ್ತ, ಶೈವಕೃತಿಗಳ ಕರ್ತೃ! ತಮ್ಮನ ಈ ಕ್ರೌರ್ಯಕ್ಕೆ ಬೇಸತ್ತ ಅಣ್ಣ, ದಳವಾಯಿ ದೇವರಾಜಯ್ಯ ಸತ್ಯಮಂಗಲಕ್ಕೆ ಹೊರಟುಹೋದ. ನಂಜರಾಜಯ್ಯನ ಆಸರೆಯಲ್ಲೇ ಮೇಲೆ ಬಂದ ಹೈದರಾಲಿ 1761ರ ಹೊತ್ತಿಗೆ ಅರಸರನ್ನೂ ದಳವಾಯಿಗಳನ್ನೂ ಬದಿಗೆ ಸರಿಸಿದ.