ಜಾಕ್ ಸ್ಟೀನ್: ಲಿಸ್ಬನ್ ಗೆಲುವಿನ ಹಿಂದಿನ ಹತ್ತು ವರ್ಷ

1967ರ ಮೇ 25ರಂದು ಲಿಸ್ಬನ್‌ನಲ್ಲಿ ಗ್ಲಾಸ್ಗೋದ ಸೆಲ್ಟಿಕ್ ತಂಡ ಇಟಲಿಯ ಇಂಟರ್ ಮಿಲಾನ್ ತಂಡವನ್ನು 2–1ರಿಂದ ಮಣಿಸಿ ಯುರೋಪಿಯನ್ ಕಪ್ ಎತ್ತಿತು. ಬ್ರಿಟನ್ನಿನ ಕ್ಲಬ್ಬೊಂದಕ್ಕೆ ಆ ಕಪ್ ಒಲಿದದ್ದು ಅದೇ ಮೊದಲು. ಆಡಿದ ಹನ್ನೊಂದು ಮಂದಿಯೂ ಗ್ಲಾಸ್ಗೋ ಸುತ್ತಲಿನ ಮೂವತ್ತು ಮೈಲಿಯೊಳಗೆ ಹುಟ್ಟಿದವರು ಎಂಬ ಸಂಗತಿ ಇಂದು ದಂತಕಥೆಯೇ ಆಗಿದೆ. ಮ್ಯಾನೇಜರ್ ಜಾಕ್ ಸ್ಟೀನ್ ಕುರಿತ ಕಥನಗಳು ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತವೆ. ಆದರೆ ಅವರ ವಿದ್ಯೆ ಕುದುರಿದ ಕಾಲ 1957ರಿಂದ 1965ರವರೆಗಿನದು. ಸಂಶೋಧಕರು ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಅಲ್ಲೇ.

ಆಟಗಾರನಾಗಿ ಸ್ಟೀನ್ ಅಸಾಮಾನ್ಯರೇನಲ್ಲ. 1922ರಲ್ಲಿ ಲ್ಯಾನಾರ್ಕ್‌ಶೈರ್‌ನ ಬರ್ನ್‌ಬ್ಯಾಂಕ್‌ನಲ್ಲಿ ಹುಟ್ಟಿ, ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಲೇ ಆಲ್ಬಿಯನ್ ರೋವರ್ಸ್‌ಗೆ ಆಡಿದವರು. ಆಮೇಲೆ ವೇಲ್ಸ್‌ನ ಲನೆಲ್ಲಿ ತಂಡ ಸೇರಿದರು. 1951ರ ಡಿಸೆಂಬರ್‌ನಲ್ಲಿ ಸೆಲ್ಟಿಕ್ ಅವರನ್ನು 1,200 ಪೌಂಡ್ ಕೊಟ್ಟು ಕರೆತಂದದ್ದು ಮೀಸಲು ತಂಡಕ್ಕೆಂದು. ಮುಖ್ಯ ತಂಡದ ರಕ್ಷಣಾ ಆಟಗಾರರು ಗಾಯಗೊಂಡಾಗ ಸಿಕ್ಕ ಅವಕಾಶವನ್ನು ಅವರು ಮತ್ತೆ ಬಿಟ್ಟುಕೊಡಲಿಲ್ಲ. ನಾಯಕರಾಗಿ 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದರು. ಅದೇ ಬೇಸಿಗೆಯಲ್ಲಿ ಕ್ಲಬ್ ತನ್ನ ಆಟಗಾರರನ್ನು ಸ್ವಿಟ್ಜರ್‌ಲೆಂಡ್‌ನ ವಿಶ್ವಕಪ್ ನೋಡಲು ಕಳಿಸಿತು. ಹಂಗೆರಿಯ ಆಟ ಅವರ ಕಣ್ಣು ತೆರೆಸಿತು.

ಕಣಕಾಲಿನ ಗಾಯ ಆಟ ನಿಲ್ಲಿಸಿತು. 1957ರಿಂದ ಮೀಸಲು ತಂಡದ ಹುಡುಗರು ಅವರ ಕೈಗೆ ಬಂದರು. ಮುಂದೆ ಲಿಸ್ಬನ್‌ನಲ್ಲಿ ನಾಯಕರಾದ ಬಿಲ್ಲಿ ಮೆಕ್‌ನೀಲ್ ಇವರ ಗರಡಿಯಲ್ಲೇ ಪಳಗಿದವರು. 1960ರ ಮಾರ್ಚ್‌ನಲ್ಲಿ ಕೆಳದರ್ಜೆಗೆ ಜಾರಲಿದ್ದ ಡನ್‌ಫರ್ಮ್‌ಲಿನ್ ಸ್ಟೀನ್‌ರನ್ನು ಕರೆಯಿತು. ತಂಡ ಉಳಿಯಿತು. ಮರುವರ್ಷ ಸ್ಕಾಟಿಷ್ ಕಪ್ ಫೈನಲ್‌ನ ಮರುಪಂದ್ಯದಲ್ಲಿ ಅದೇ ಸೆಲ್ಟಿಕ್‌ಅನ್ನು 2–0ರಿಂದ ಸೋಲಿಸಿತು! 1963ರಲ್ಲಿ ಸ್ಟೀನ್ ಮಿಲಾನಿಗೆ ಹೋಗಿ ಇಂಟರ್ ತಂಡದ ಎಲೆನಿಯೋ ಎರೇರಾ ಅವರ ತರಬೇತಿಯನ್ನು ಹತ್ತಿರದಿಂದ ಕಂಡುಬಂದರು. ನಾಲ್ಕು ವರ್ಷದ ನಂತರ ಲಿಸ್ಬನ್‌ನಲ್ಲಿ ಎದುರು ನಿಂತವರು ಇದೇ ಎರೇರಾ. ಅವರ ಬಿಗಿ ರಕ್ಷಣೆಯನ್ನು ಸೆಲ್ಟಿಕ್ ಸತತ ದಾಳಿಯಿಂದ ಒಡೆಯಿತು. ಗೋಲು ಹೊಡೆದ ಇಬ್ಬರಲ್ಲಿ ಟಾಮಿ ಗೆಮೆಲ್ ರಕ್ಷಣಾ ಆಟಗಾರ ಎನ್ನುವುದೇ ಆ ಪಂದ್ಯದ ಬಗೆಯನ್ನು ಹೇಳುತ್ತದೆ.

ಹೈಬರ್ನಿಯನ್‌ನಲ್ಲಿ ಕೆಲಕಾಲ ಇದ್ದು 1965ರ ಮಾರ್ಚ್‌ನಲ್ಲಿ ಸ್ಟೀನ್ ಸೆಲ್ಟಿಕ್‌ಗೆ ಮರಳಿದರು. ಐರಿಷ್ ಕ್ಯಾಥೊಲಿಕರ ಕ್ಲಬ್ಬೆಂದೇ ಹೆಸರಾದಲ್ಲಿ ಮೊದಲ ಪ್ರಾಟೆಸ್ಟೆಂಟ್ ಮ್ಯಾನೇಜರ್ ಅವರು. ಇದರ ಚರ್ಚೆ ಸಾಕಷ್ಟು ನಡೆದಿದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ತೂಕದ್ದು ಇನ್ನೊಂದು: ಅದುವರೆಗೆ ತಂಡದ ಆಯ್ಕೆಯಲ್ಲಿ ಅಧ್ಯಕ್ಷ ಬಾಬ್ ಕೆಲ್ಲಿಯವರ ಮಾತೇ ಕೊನೆಯದಾಗಿತ್ತು, ಸ್ಟೀನ್ ಆ ಅಧಿಕಾರವನ್ನು ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. 1966ರಿಂದ 1974ರವರೆಗೆ ಸತತ ಒಂಬತ್ತು ಲೀಗ್ ಪ್ರಶಸ್ತಿಗಳು ಬಂದವು.

1978ರಲ್ಲಿ ಲೀಡ್ಸ್ ಯುನೈಟೆಡ್‌ನಲ್ಲಿ 44 ದಿನವಷ್ಟೇ ಇದ್ದು ಅವರು ಸ್ಕಾಟ್ಲೆಂಡ್ ತಂಡದ ಹೊಣೆ ಹೊತ್ತರು. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧದ ಪಂದ್ಯ 1–1ರಲ್ಲಿ ಮುಗಿಯುವ ಹೊತ್ತಿಗೆ ಕುಸಿದು, ಕ್ರೀಡಾಂಗಣದಲ್ಲೇ ತೀರಿಕೊಂಡರು. ಮೆಕ್ಸಿಕೋ ವಿಶ್ವಕಪ್‌ಗೆ ತಂಡವನ್ನು ಕರೆದೊಯ್ದವರು ಅವರ ಸಹಾಯಕರಾಗಿದ್ದ ಅಲೆಕ್ಸ್ ಫರ್ಗ್ಯುಸನ್.